ಎರೆಹೊಲದ ಲೆಕ್ಕ, ಕಂಪನಿಯ ಲೆಕ್ಕ

ಉಕ್ಕಲಿ ಕಡೆಯಿಂದ ಬಸವನಬಾಗೇವಾಡಿಗೆ ಬರುವಾಗ ರಸ್ತೆ ಬದಿಯ ಒಂದು ಎರೆಹೊಲ ಕಂಡು ಗಾಡಿ ನಿಲ್ಲಿಸಿದೆ. ಆಷಾಢ ಮುಗಿಯುತ್ತ ಬಂದಿತ್ತು. ಸುತ್ತಲಿನ ಹೊಲಗಳಲ್ಲಿ ತೊಗರಿ ಗೇಣುದ್ದ ಎದ್ದಿದ್ದರೆ ಇದೊಂದು ಮಾತ್ರ ಖಾಲಿ. ಹಾಗಂತ ಬೀಳು ಬಿಟ್ಟದ್ದೂ ಅಲ್ಲ. ಉದ್ದಕ್ಕೂ ಅಡ್ಡಕ್ಕೂ ಮೊಣಕಾಲಿಗಿಂತ ಕೆಳಗಿನ ಎತ್ತರದ ಬದು ಹಾಕಿ ಇಡೀ ಹೊಲವನ್ನು ಚೌಕ ಚೌಕ ಮಾಡಿದ್ದರು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಒಂದೊಂದು ಚೌಕದಲ್ಲೂ ನೀರು ನಿಂತಿತ್ತು. ಪಕ್ಕದ ಹೊಲದ ನೀರು ಮಣ್ಣನ್ನೂ ಕರೆದುಕೊಂಡು ಆಗಲೇ ಹಳ್ಳ ಸೇರಿತ್ತು.

ನಾನು ಹೋಗಿದ್ದು ಬೇರೆ ಕೆಲಸಕ್ಕೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳಲ್ಲಿ ಕಂಪನಿಗಳ ಹಣದಿಂದ ಸಣ್ಣ ರೈತರಿಗಾಗಿ ನಡೆಯುವ ಸುಸ್ಥಿರ ಕೃಷಿಯ ಕೆಲಸ ನೋಡುವುದು ಉದ್ದೇಶ. ಫಲಕ, ಚೆಕ್‌ ಡ್ಯಾಂ, ಕೃಷಿ ಹೊಂಡಗಳ ಪಟ್ಟಿ ಕೈಯಲ್ಲಿತ್ತು. ಈ ಹೊಲ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಅಲ್ಲಿಂದ ನಾನು ಬೇಗ ಹೊರಡಲಿಲ್ಲ.

ಬದುವಿನ ಮೇಲೆ ಕುಳಿತಿದ್ದ ಹಿರಿಯರು ಕರೆದರು. “ಬರ್ರಿ, ಚಪ್ಪಲ್ ಅಲ್ಲೇ ಬಿಟ್ಟು ಬರ್ರಿ, ಎರಿ ಹಿಡ್ಕೋತದ.” ಇದೇನು ಅಜ್ಜಾರ ಎಂದು ಕೇಳಿದೆ. “ಚೌಕುಮಡಿ ರೀ. ಹಿಂಗಾರಿ ಹೊಲ ಇದು. ಈಗ ಭೂಮಿಗಿ ನೀರ ಕುಡಿಸಿ ಇಟ್ರ ಮುಂದ ಜ್ವಾಳಕ್ಕ ಬರ್ತಾವ. ಓಡಿ ಹೋದ ನೀರ ನಮ್ಮವಲ್ಲ.” ಒಂದು ಚೌಕದೊಳಗೆ ಇಳಿದು ನಿಂತೆ. ತಳದಲ್ಲಿ ಬಿರುಕುಗಳು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಅವುಗಳ ಬಾಯಲ್ಲಿ ಗುಳ್ಳೆ ಏಳುತ್ತಿತ್ತು, ನೀರು ಒಳಕ್ಕೆ ಇಳಿಯುತ್ತಿತ್ತು. ಎರೆಮಣ್ಣಿನ ಗುಣವೇ ಹಾಗೆ. ಬಿರುಕು ಬಿಟ್ಟಿರುವ ತನಕ ಎಷ್ಟು ಬೇಕಾದರೂ ಕುಡಿಯುತ್ತದೆ, ಒಮ್ಮೆ ಉಬ್ಬಿ ಮುಚ್ಚಿಕೊಂಡರೆ ಮೇಲಿನ ನೀರು ಹರಿದೇ ಹೋಗುತ್ತದೆ. ಆದ್ದರಿಂದ ಮೊದಲ ಮಳೆಗಳಿಗೆ ಮುಂಚೆಯೇ ಮಡಿ ಸಿದ್ಧ ಇರಬೇಕು.

ಅಲ್ಲೇ ಕುಳಿತು ಲೆಕ್ಕ ಹಾಕಿದೆವು. ನಾಲ್ಕು ಮೀಟರ್ ಚೌಕದ ಒಂದು ಮಡಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 320 ಲೀಟರ್ ನೀರು. ಎಕರೆಗೆ ಅಂಥ ಮಡಿಗಳು ಹತ್ತಿರ ಹತ್ತಿರ 250. ಒಂದು ಮಳೆಗೆ 80,000 ಲೀಟರ್! ಸಿಮೆಂಟು, ಪ್ಲಾಸ್ಟಿಕ್ ಹಾಳೆ, ಮೋಟಾರು ಯಾವುದೂ ಇಲ್ಲದೆ, ಬೆಳೆಯ ಬೇರು ಇಳಿಯುವ ಜಾಗದಲ್ಲೇ ಈ ನೀರು ಉಳಿಯುತ್ತದೆ. ವರ್ಷದ ವಾಡಿಕೆ ಮಳೆ 600 ಮಿಲಿಮೀಟರ್ ಆಸುಪಾಸು ಇರುವ ಜಿಲ್ಲೆಯಲ್ಲಿ, ಅದರಲ್ಲೂ ಒಂದು ಭಾಗ ನಾಲ್ಕೈದು ದೊಡ್ಡ ಮಳೆಗಳಲ್ಲೇ ಸುರಿದು ಮುಗಿಯುವಲ್ಲಿ, ಇದಕ್ಕಿಂತ ಅಗ್ಗದ ನೀರಾವರಿಯನ್ನು ನಾನಂತೂ ನೋಡಿಲ್ಲ.

ಚೌಕುಮಡಿ ಹೊಸತೇನಲ್ಲ. ಬರದ ನಾಡಿನ ಬೇಸಾಯವನ್ನೇ ಅಭ್ಯಾಸ ಮಾಡಲು 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ (ಇಂದಿನ ವಿಜಯಪುರ), ರಾಯಚೂರು, ಹಗರಿ, ರೋಹ್ಟಕ್‌ಗಳಲ್ಲಿ ಕೇಂದ್ರಗಳು ಶುರುವಾದವು. ವಿಜಯಪುರದ ಈಗಿನ ಕೃಷಿ ಸಂಶೋಧನಾ ಕೇಂದ್ರ ಆ ಪರಂಪರೆಯದು. ಮೂರರಿಂದ ನಾಲ್ಕೂವರೆ ಮೀಟರ್ ಅಳತೆಯ ಮಡಿಗಳನ್ನು ಮುಂಗಾರಿನ ಆರಂಭದಲ್ಲಿ ಕಟ್ಟಿ, ಉತ್ತರಿ ಹಸ್ತದ ಹೊತ್ತಿಗೆ ಹರಗಿ, ಬಿಳಿಜೋಳವನ್ನೋ ಕಡಲೆಯನ್ನೋ ಬಿತ್ತಿ ಎಂದು ಅಲ್ಲಿನ ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಡೋಣಿ ನದಿಯ ಕಣಿವೆ ಇಂಥ ಲೆಕ್ಕದ ಮೇಲೆಯೇ ಬದುಕಿದ ಸೀಮೆ. ಡೋಣಿ ಬೆಳೆದರೆ ಉಣ್ಣುವವರಾರು, ಬೆಳೆಯದಿದ್ದರೆ ಉಣ್ಣುವವರಾರು ಎಂಬ ಹಳೆಯ ಮಾತು ಈ ಕಡೆಯವರಿಗೆಲ್ಲ ಗೊತ್ತು.

ಇಷ್ಟು ಒಳ್ಳೆಯ ಉಪಾಯ ಎಲ್ಲ ಹೊಲಗಳಲ್ಲಿ ಯಾಕಿಲ್ಲ? ಅಜ್ಜನ ಉತ್ತರ ನೇರ. “ಎತ್ತು ಎಲ್ಲಿ ಅದಾವ್ರಿ? ಮಡಿ ಹಾಕೋ ಸಾಮಾನು ಊರಾಗ ಒಂದೋ ಎರಡೋ. ಟ್ರ್ಯಾಕ್ಟರ್ ಬಾಡಗಿ ಕೊಟ್ಟು ಖಾಲಿ ಹೊಲದಾಗ ಮಡಿ ಹಾಕ್ಸು ಅಂದ್ರ ಮಕ್ಕಳು ಕೇಳಂಗಿಲ್ಲ.” ಇನ್ನೊಂದು ಕಾರಣವೂ ಇದೆ. ಮುಂಗಾರಿಗೇ ತೊಗರಿ ಬಿತ್ತಿದರೆ ಹೊಲ ಖಾಲಿ ಉಳಿಯುವುದಿಲ್ಲ. ತೊಗರಿಗೆ ಧಾರಣೆ ಬಂದ ವರ್ಷ ಹಿಂಗಾರಿ ಜೋಳಕ್ಕೆ ಹೊಲ ಕಾದಿಡುವವರು ಕಡಿಮೆ. ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿದ ವರ್ಷ ಎಲ್ಲರಿಗೂ ಜೋಳದ ನೆನಪಾಗುತ್ತದೆ.

ಕಂಪನಿಗಳ ಹಣದ ವಿಚಾರಕ್ಕೆ ಬರುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, 500 ಕೋಟಿ ರೂಪಾಯಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಯಾವುದಕ್ಕೆ ಖರ್ಚು ಮಾಡಬಹುದು ಎಂಬ ಏಳನೇ ಅನುಸೂಚಿಯಲ್ಲಿ ಮಣ್ಣು, ಗಾಳಿ, ನೀರಿನ ಗುಣಮಟ್ಟ ಕಾಪಾಡುವುದೂ ಸೇರಿದೆ. ಮಣ್ಣಿನ ಹೆಸರು ಕಾನೂನಿನಲ್ಲೇ ಇರುವುದು ನನಗೆ ನಿಜಕ್ಕೂ ಸಂತೋಷದ ಸಂಗತಿ.

ಆ ಕಾಯ್ದೆ ಬಂದ ಆಸುಪಾಸಿನಲ್ಲೇ ಇದೇ ಉಕ್ಕಲಿಯಲ್ಲಿ ಒಂದು ಗಂಭೀರ ಕೆಲಸ ಶುರುವಾಯಿತು. ವಿದ್ಯುತ್ ಸಾಗಣೆಯ ಪವರ್‌ಗ್ರಿಡ್ ಕಾರ್ಪೊರೇಷನ್ ಹಣ ಕೊಟ್ಟಿತು, ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಜಲಾನಯನ ಅಭಿವೃದ್ಧಿಯ ಹೊಣೆ ಹೊತ್ತಿತು. ಆಂಧ್ರದಲ್ಲಿ ಆಗ ಕರ್ನೂಲು ಜಿಲ್ಲೆಗೆ ಸೇರಿದ್ದ ಬೇತಂಚೆರ್ಲ ಇದರ ಜೋಡಿ ಕ್ಷೇತ್ರ. ಇಕ್ರಿಸ್ಯಾಟ್‌ಗೆ ಈ ಮಣ್ಣು ಹೊಸದಲ್ಲ. 2009ರಲ್ಲಿ ಶುರುವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಗೆ ಆ ಸಂಸ್ಥೆಯೇ ಆಧಾರವಾಗಿತ್ತು. ಮುಂದೆ ಭೂಸಮೃದ್ಧಿ ಯೋಜನೆಯ ಮೊದಲ ನಾಲ್ಕು ಜಿಲ್ಲೆಗಳಲ್ಲಿ ವಿಜಯಪುರವೂ ಇತ್ತು. ಹಳ್ಳಿ ಹಳ್ಳಿಯ ಮಣ್ಣು ಪರೀಕ್ಷಿಸಿದಾಗ ಕಂಡದ್ದು ಸತು, ಬೋರಾನ್, ಗಂಧಕದ ಕೊರತೆ. ಯೂರಿಯಾ, ಡಿಎಪಿ ಸುರಿದಷ್ಟೂ ಬೆಳೆ ಹೆಚ್ಚುತ್ತದೆ ಎಂಬ ನಂಬಿಕೆಗೆ ಆ ಮಣ್ಣು ಪರೀಕ್ಷೆಯ ಚೀಟಿಗಳೇ ಉತ್ತರ. ಎಕರೆಗೆ ಒಂದೆರಡು ಕಿಲೋ ಬೋರಾಕ್ಸ್‌ ಸಾಕು, ಆದರೆ ಎಲ್ಲಿ ಬೇಕು ಎಲ್ಲಿ ಬೇಡ ಎಂದು ಮಣ್ಣು ನೋಡಿಯೇ ಹೇಳಬೇಕು.

ಕಂಪನಿಯ ಹಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮಣ್ಣು ಪರೀಕ್ಷೆ, ಬದುವಿನ ಮೇಲೆ ಗ್ಲಿರಿಸಿಡಿಯಾ, ನೆಟೆ ತಡೆಯುವ ತೊಗರಿ ಬೀಜ, ಮಡಿ ಹಾಕುವ ಸಲಕರಣೆ ಇವೆಲ್ಲ ಫೋಟೊಕ್ಕೆ ಸಿಗುವುದಿಲ್ಲ. ಚೆಕ್‌ ಡ್ಯಾಂ ಸಿಗುತ್ತದೆ. ಮುದ್ದೇಬಿಹಾಳದ ಕಡೆ ಒಂದು ಹೊಂಡದ ಮುಂದೆ ಫಲಕ ನೋಡಿದೆ. ಬಣ್ಣ ಇನ್ನೂ ಹೊಳೆಯುತ್ತಿತ್ತು. ಹೊಂಡದಲ್ಲಿ ಅರ್ಧದಷ್ಟು ಹೂಳು. ಎರೆಸೀಮೆಯ ಹಳ್ಳ ಒಂದೇ ಮಳೆಗಾಲದಲ್ಲಿ ಎಷ್ಟು ಮಣ್ಣು ಹೊತ್ತು ತರುತ್ತದೆ ಎಂದು ತಿಳಿದವರಾರೂ ಹೂಳೆತ್ತುವ ಖರ್ಚು ಬರೆಯದೆ ಹೊಂಡ ತೋಡುವುದಿಲ್ಲ. ಮೇಲಿನ ಹೊಲಗಳಿಗೆ ಮಡಿ, ಬದು ಇಲ್ಲದೆ ಕೆಳಗೆ ಹೊಂಡ ತೋಡಿದರೆ ಅದು ಮಣ್ಣು ತುಂಬಿಕೊಳ್ಳುವ ತಗ್ಗು, ಅಷ್ಟೆ.

ತೊಡಕು ಇರುವುದು ಅವಧಿಯಲ್ಲಿ. 2021ರಲ್ಲಿ ತಿದ್ದುಪಡಿಯಾದ ನಿಯಮದಂತೆ ‘ಮುಂದುವರಿಯುವ ಯೋಜನೆ’ ಎಂದರೆ ಶುರುವಾದ ಹಣಕಾಸು ವರ್ಷವನ್ನು ಬಿಟ್ಟು ಗರಿಷ್ಠ ಮೂರು ವರ್ಷ. ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಕೇಂದ್ರ ಯೋಜನೆಯಲ್ಲೂ (2020) ಒಂದೊಂದು ಸಂಸ್ಥೆಗೆ ನಿರ್ವಹಣೆ ವೆಚ್ಚವೆಂದು 18 ಲಕ್ಷ ರೂಪಾಯಿವರೆಗೆ ಸಿಗುವುದು ಮೂರು ವರ್ಷ. ಇಂಡಿಯ ಲಿಂಬೆ ಗಿಡ ನಾಟಿಯಾದ ಮೇಲೆ ಕಾಯಿ ಹಿಡಿಯಲು ಮೂರ್ನಾಲ್ಕು ವರ್ಷ ತೆಗೆದುಕೊಳ್ಳುತ್ತದೆ, ಕೈತುಂಬ ಆದಾಯಕ್ಕೆ ಇನ್ನೂ ಎರಡು ಮೂರು ವರ್ಷ. ಮೊದಲ ಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಯೋಜನೆಯ ಕಚೇರಿ ಖಾಲಿ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿತು. ಹೆಮ್ಮೆಯ ವಿಷಯ. ಆದರೆ ಬೇಸಿಗೆಯಲ್ಲಿ ಏರಿ ಮಳೆಗಾಲದಲ್ಲಿ ನೆಲಕಚ್ಚುವ ದರಕ್ಕೆ ಆ ಮಾನ್ಯತೆಯೊಂದೇ ಮದ್ದಾಗದು. ಹಸ್ತ ಬಹಾರಿಗೆ ಗಿಡವನ್ನು ನೀರಿಲ್ಲದೆ ಬಾಡಿಸಿ, ಹೂ ತರಿಸಿ, ಬೇಸಿಗೆಗೆ ಕಾಯಿ ತೆಗೆಯುವ ಇಂಡಿಯ ರೈತನಿಗೆ ಬೇಕಾದದ್ದು ಮಳೆಗಾಲದ ಕಾಯಿಯನ್ನು ಉಪ್ಪಿನಕಾಯಿಗೋ ರಸಕ್ಕೋ ವರ್ಷ ವರ್ಷ ಕೊಳ್ಳುವ ಒಪ್ಪಂದ.

ಸಕ್ಕರೆ ಕಾರ್ಖಾನೆಯನ್ನು ನಮ್ಮ ಜನ ಎಷ್ಟೇ ಬೈದರೂ ಕಬ್ಬು ಹಚ್ಚುವುದನ್ನು ಬಿಡದಿರುವುದು ಇದೇ ಕಾರಣಕ್ಕೆ. ಬಿಲ್ಲು ತಡವಾಗಬಹುದು, ಆದರೆ ಕೊಳ್ಳುವವನು ಇದ್ದಾನೆ. ಕಾಲುವೆ ನೀರು ಬಂದಲ್ಲೆಲ್ಲ ಕಬ್ಬು, ಕಬ್ಬು ಬಂದಲ್ಲೆಲ್ಲ ಎರೆಮಣ್ಣಿಗೆ ಸವಳು. ಇಂಡಿ ಶಾಖಾ ಕಾಲುವೆಯ ಕೊನೆಯ ಹಳ್ಳಿಗಳವರು ನೀರಿಗಾಗಿ ಕಾಯುತ್ತ ಕೂತಿರುವಾಗ ಮೇಲಿನವರ ಹೊಲ ಉಪ್ಪಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಜೋಳ, ಕಡಲೆ, ತೊಗರಿಯನ್ನು ಇಷ್ಟೇ ಖಾತ್ರಿಯಿಂದ ಕೊಳ್ಳುವ ಕಂಪನಿ ಬಂದರೆ ಸುಸ್ಥಿರ ಕೃಷಿಯ ತರಬೇತಿ ಶಿಬಿರಗಳು ಅರ್ಧ ಕಡಿಮೆಯಾದರೂ ನಷ್ಟವಿಲ್ಲ.

ನಿಯಮ ಬದಲಾಗುವವರೆಗೆ ಕಾಯಬೇಕಿಲ್ಲ. ಮೂರು ವರ್ಷ ಮುಗಿದ ಮೇಲೆ ಅದೇ ಊರಿನಲ್ಲಿ ಬೇರೆ ಹೊಸ ಯೋಜನೆ ಶುರು ಮಾಡಲು ಯಾರ ಅಡ್ಡಿಯೂ ಇಲ್ಲ. ಮೊದಲನೆಯದು ಹೊಲದ ಮೇಲ್ಭಾಗದ ಮಡಿ, ಬದು, ಮಣ್ಣು ಪರೀಕ್ಷೆಯದಾಗಲಿ. ಎರಡನೆಯದು ಹೊಂಡ, ಹೂಳು ಮತ್ತು ಮಾರಾಟದ್ದಾಗಲಿ. ಹೋಬಳಿಗಳಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿವೆ, ಅವನ್ನು ನಡೆಸುವುದೂ ಸರ್ಕಾರೇತರ ಸಂಸ್ಥೆಗಳ ಸಹಭಾಗಿತ್ವದಲ್ಲೇ. ಟ್ರ್ಯಾಕ್ಟರಿಗೆ ಹಚ್ಚುವ ಮಡಿ ಸಲಕರಣೆಗಳನ್ನು ಒಂದೊಂದು ಕೇಂದ್ರಕ್ಕೆ ಹತ್ತು ಹತ್ತು ಕೊಡಿಸಲು ಒಂದು ಸಣ್ಣ ಚೆಕ್‌ ಡ್ಯಾಂನಷ್ಟೂ ಖರ್ಚಾಗಲಾರದು. ಮೇ ತಿಂಗಳೊಳಗೆ ಅವು ಅಲ್ಲಿರಬೇಕು. ಮಾರ್ಚ್ 31ರ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಆದೇಶ ಹೊರಟು ಸಲಕರಣೆ ಆಗಸ್ಟಿಗೆ ಬಂದರೆ ಆ ವರ್ಷದ ಮಳೆ ಹೋದಂತೆಯೇ.

ಗ್ರಾಮಸಭೆಗಳೂ ಒಂದು ಕಾಗದ ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು. ಹೊಂಡ ತೋಡುವ ಒಪ್ಪಂದದಲ್ಲೇ ನಾಲ್ಕನೇ, ಏಳನೇ, ಹತ್ತನೇ ವರ್ಷದ ಹೂಳು ಯಾರು ಎತ್ತುತ್ತಾರೆ, ಆ ಹಣ ಯಾವ ಖಾತೆಯಲ್ಲಿರುತ್ತದೆ, ಎತ್ತಿದ ಮಣ್ಣು ಯಾರ ಹೊಲಕ್ಕೆ ಹೋಗುತ್ತದೆ ಎಂದು ಬರೆದಿರಬೇಕು. ಅದಿಲ್ಲದ ಕಾಗದಕ್ಕೆ ಪಂಚಾಯಿತಿ ಸಹಿ ಹಾಕಬಾರದು.