ಹೊರಗಿನವರು ತಿದ್ದಿದ ಪ್ಯಾಕ್-ಮ್ಯಾನ್

1982ರ ಆರಂಭದಲ್ಲಿ ಅಮೆರಿಕದ ಆರ್ಕೇಡ್‌ಗಳಿಗೆ ಬಂದ ‘ಮಿಜ್ ಪ್ಯಾಕ್-ಮ್ಯಾನ್’ ಆಟವನ್ನು ರೂಪಿಸಿದ್ದು ಮೂಲ ಪ್ಯಾಕ್-ಮ್ಯಾನ್ ತಯಾರಿಸಿದ ಜಪಾನಿನ ನಾಮ್ಕೊ ಕಂಪನಿಯಲ್ಲ. ಅಮೆರಿಕದಲ್ಲಿ ಆ ಆಟವನ್ನು ಮಾರುತ್ತಿದ್ದ ಮಿಡ್‌ವೇ ಕಂಪನಿಯೂ ಅಲ್ಲ. ಮೆಸಾಚುಸೆಟ್ಸ್ ರಾಜ್ಯದ ಕೆಲವು ಯುವಕರು ಮೂಲ ತಯಾರಕರನ್ನು ಕೇಳದೆಯೇ ಶುರುಮಾಡಿದ ತಿದ್ದುಪಡಿ ಅದು. ಮೆಚ್ಚಿನ ಹಳೆಯ ಆಟವನ್ನು ಅಭಿಮಾನಿಗಳು ಬಿಚ್ಚಿ ಹೊಸದಾಗಿ ಕಟ್ಟುವುದು ಈಗ ಮಾಮೂಲು. ಹಾಗೆ ಕಟ್ಟಿದ್ದು ಮೂಲಕ್ಕಿಂತ ಚೆನ್ನಾಗಿದೆ ಎನಿಸಿಕೊಂಡು, ಅಧಿಕೃತ ಮುದ್ರೆಯನ್ನೂ ಪಡೆದು, ಒಂದು ಲಕ್ಷಕ್ಕೂ ಹೆಚ್ಚು ಯಂತ್ರಗಳಾಗಿ ಮಾರಾಟವಾದ ಉದಾಹರಣೆ ಮಾತ್ರ ಬಹಳ ಅಪರೂಪ.

ಮೂಲ ಪ್ಯಾಕ್-ಮ್ಯಾನ್ ಅನ್ನು ವಿನ್ಯಾಸ ಮಾಡಿದವರು ತೋರು ಇವತಾನಿ. ಅದು 1980ರಲ್ಲಿ ಬಂತು. ಓಣಿಗಳ ಜಾಲವೊಂದರಲ್ಲಿ 240 ಸಣ್ಣ ಚುಕ್ಕಿಗಳು, ನಾಲ್ಕು ಮೂಲೆಗಳ ಬಳಿ ಒಂದೊಂದು ದಪ್ಪ ಚುಕ್ಕಿ. ಹಳದಿ ಪ್ಯಾಕ್-ಮ್ಯಾನ್ ಇವೆಲ್ಲವನ್ನೂ ತಿಂದು ಮುಗಿಸಬೇಕು. ನಾಲ್ಕು ದೆವ್ವಗಳು ಅದನ್ನು ಅಟ್ಟಿಸಿಕೊಂಡು ಬರುತ್ತವೆ. ದಪ್ಪ ಚುಕ್ಕಿ ತಿಂದಾಗ ಸ್ವಲ್ಪ ಹೊತ್ತು ದೆವ್ವಗಳೇ ಹೆದರಿ ಓಡುತ್ತವೆ, ಆಗ ಅವನ್ನೂ ತಿನ್ನಬಹುದು. ಇವತಾನಿ ಅವರ ಜಾಣ್ಮೆ ಇರುವುದು ದೆವ್ವಗಳ ಸ್ವಭಾವದಲ್ಲಿ. ಕೆಂಪು ದೆವ್ವ ನೇರವಾಗಿ ಬೆನ್ನಟ್ಟುತ್ತದೆ. ಗುಲಾಬಿ ದೆವ್ವ ಪ್ಯಾಕ್-ಮ್ಯಾನ್ ಇರುವ ಜಾಗಕ್ಕಲ್ಲ, ಅದರ ನಾಲ್ಕು ಮನೆ ಮುಂದಕ್ಕೆ ಗುರಿಯಿಟ್ಟು ಅಡ್ಡಗಟ್ಟಲು ನೋಡುತ್ತದೆ. ನೀಲಿಯದು ಕೆಂಪು ದೆವ್ವ ಎಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ದಾರಿ ಆರಿಸುತ್ತದೆ. ಕಿತ್ತಳೆ ಬಣ್ಣದ್ದು ದೂರವಿದ್ದಾಗ ಬೆನ್ನಟ್ಟುತ್ತದೆ, ಹತ್ತಿರ ಬಂದೊಡನೆ ತನ್ನ ಮೂಲೆಯ ಕಡೆ ತಿರುಗಿಬಿಡುತ್ತದೆ.

ಈ ಲೆಕ್ಕಾಚಾರದಲ್ಲೇ ಒಂದು ದೌರ್ಬಲ್ಯವೂ ಇತ್ತು. ದೆವ್ವಗಳ ನಡೆಯಲ್ಲಿ ನಿಜವಾದ ಆಕಸ್ಮಿಕವೆಂಬುದೇ ಇರಲಿಲ್ಲ. ಹೆದರಿ ಓಡುವಾಗ ಅವು ದಿಕ್ಕುಗೆಟ್ಟಂತೆ ಕಂಡರೂ, ಆ ದಿಕ್ಕನ್ನು ಕೊಡುವ ಸಂಖ್ಯೆಗಳ ಸರಣಿ ಪ್ರತಿ ಸುತ್ತಿನಲ್ಲೂ ಮೊದಲಿನಿಂದಲೇ ಶುರುವಾಗುತ್ತಿತ್ತು. ಆಟಗಾರ ಒಂದೇ ದಾರಿಯಲ್ಲಿ, ಒಂದೇ ಹದದಲ್ಲಿ ನಡೆದರೆ ದೆವ್ವಗಳೂ ಪ್ರತಿ ಸಲ ಹಿಂದಿನ ಹೆಜ್ಜೆಯನ್ನೇ ಇಡುತ್ತಿದ್ದವು. ಆಟಗಾರರು ಇದನ್ನು ಬಹುಬೇಗ ಕಂಡುಕೊಂಡರು. ಸುರಕ್ಷಿತ ದಾರಿಗಳನ್ನು ಬಾಯಿಪಾಠ ಮಾಡಿಕೊಂಡರು. ಅವುಗಳ ನಕ್ಷೆಗಳಿದ್ದ ಪುಸ್ತಕಗಳೂ ಮಾರಾಟಕ್ಕೆ ಬಂದವು. ಪಳಗಿದವನೊಬ್ಬ ಒಂದೇ ನಾಣ್ಯ ಹಾಕಿ ಗಂಟೆಗಟ್ಟಲೆ ಯಂತ್ರದ ಮುಂದೆ ನಿಂತರೆ ಯಂತ್ರದ ಮಾಲೀಕನಿಗೆ ನಷ್ಟ. ಆಟಕ್ಕಾದ ನಷ್ಟ ಇನ್ನೂ ದೊಡ್ಡದು: ಬೆನ್ನಟ್ಟಿ ಬರುವವರ ಭಯ ಹೋಗಿ ಕಂಠಪಾಠದ ಪರೀಕ್ಷೆಯಷ್ಟೇ ಉಳಿಯಿತು.

ಯಂತ್ರದ ಮಾಲೀಕರ ಈ ಕಷ್ಟವನ್ನು ಆ ಮೆಸಾಚುಸೆಟ್ಸ್ ಯುವಕರಾದ ಡಗ್ ಮ್ಯಾಕ್ರೇ ಮತ್ತು ಕೆವಿನ್ ಕರನ್ ಸ್ವತಃ ಬಲ್ಲವರು. ಎಂಐಟಿ ವಿದ್ಯಾರ್ಥಿಗಳಾಗಿದ್ದಾಗ ಅವರು ಹಾಸ್ಟೆಲುಗಳಲ್ಲಿ ಪಿನ್‌ಬಾಲ್ ಮತ್ತು ವಿಡಿಯೊ ಗೇಮ್ ಯಂತ್ರಗಳನ್ನಿಟ್ಟು ನಡೆಸುತ್ತಿದ್ದರು. ಅಟಾರಿ ಕಂಪನಿಯ ‘ಮಿಸೈಲ್ ಕಮಾಂಡ್’ ಆಟ ಹಳೆಯದಾಗಿ ಆದಾಯ ಇಳಿಯತೊಡಗಿತು. ಆಗ ಹೊಸ ಯಂತ್ರ ಕೊಳ್ಳುವ ಬದಲು ಇದ್ದ ಯಂತ್ರದೊಳಗೇ ಕೂರಿಸಬಹುದಾದ ಒಂದು ಸರ್ಕ್ಯೂಟ್ ಬೋರ್ಡ್ ಮಾಡಿದರು. ‘ಸೂಪರ್ ಮಿಸೈಲ್ ಅಟ್ಯಾಕ್’ ಎಂಬ ಆ ಕಿಟ್ ಆಟವನ್ನು ಇನ್ನಷ್ಟು ಕಠಿಣಗೊಳಿಸುತ್ತಿತ್ತು. ಬೆಲೆ 295 ಡಾಲರ್. ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಎಂಬ ಹೆಸರಿನಲ್ಲಿ ಅವರು ಅದನ್ನು ಮಾರಿದಾಗ, 1981ರಲ್ಲಿ ಅಟಾರಿ ದಾವೆ ಹೂಡಿತು. ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಈ ಹುಡುಗರ ಕಸುಬುದಾರಿಕೆ ಕಂಡ ಅಟಾರಿ ತನಗೇ ಆಟ ಮಾಡಿಕೊಡುವ ಕೆಲಸ ಕೊಟ್ಟಿತು. ಮೂಲ ತಯಾರಕರ ಒಪ್ಪಿಗೆಯಿಲ್ಲದೆ ಇನ್ನು ಮುಂದೆ ಇಂಥ ಕಿಟ್ ಮಾರುವುದಿಲ್ಲವೆಂದು ಇವರು ಒಪ್ಪಿದರು.

ಅಷ್ಟು ಹೊತ್ತಿಗೆ ಪ್ಯಾಕ್-ಮ್ಯಾನ್‌ಗೂ ಒಂದು ಕಿಟ್ ರೂಪುಗೊಳ್ಳುತ್ತಿತ್ತು. ಹೆಸರು ‘ಕ್ರೇಜಿ ಆಟೊ’. ಅದರ ನಾಯಕನೂ ಹಳದಿ ಚೆಂಡೇ, ಆದರೆ ಅವನಿಗೆ ಎರಡು ಕಾಲುಗಳಿದ್ದವು. ಈ ಕಿಟ್ ಕೆಲಸ ಮಾಡುವ ಬಗೆ ಆ ಕಾಲಕ್ಕೆ ಬಲು ಚತುರವಾದದ್ದು. ನಾಮ್ಕೊದ ಪ್ರೋಗ್ರಾಂ ಅನ್ನು ನಕಲು ಮಾಡಿ ಮಾರಿದರೆ ಅದು ನೇರ ಕಳ್ಳತನ. ಆದ್ದರಿಂದ ಮೂಲ ಚಿಪ್‌ಗಳನ್ನು ಇದ್ದಲ್ಲೇ ಬಿಟ್ಟರು. ಜೆಡ್80 ಪ್ರೊಸೆಸರ್ ಅನ್ನು ಅದರ ಸಾಕೆಟ್‌ನಿಂದ ತೆಗೆದು, ನಡುವೆ ತಮ್ಮ ಬೋರ್ಡ್ ಸೇರಿಸುವ ವ್ಯವಸ್ಥೆ ಮಾಡಿದರು. ಪ್ರೊಸೆಸರ್ ಹಳೆಯ ಪ್ರೋಗ್ರಾಂ ಓದುತ್ತಾ ಹೋಗುತ್ತದೆ. ಗೊತ್ತುಮಾಡಿದ 40 ಜಾಗಗಳಿಗೆ ಬಂದಾಗ ಮಾತ್ರ ಹೊಸ ಬೋರ್ಡ್ ಅಡ್ಡ ಬಂದು, ತಲಾ ಎಂಟು ಬೈಟ್‌ಗಳ ತನ್ನ ತೇಪೆಯನ್ನು ಕೊಡುತ್ತದೆ. ಆ ತೇಪೆಗಳ ಮೂಲಕ ಆಟ ಹೊಸ ಪ್ರೋಗ್ರಾಂನೊಳಕ್ಕೆ ಹೊರಳಿಕೊಳ್ಳುತ್ತದೆ.

ಬದಲಾವಣೆಗಳು ಎಣಿಕೆಗೆ ಕಡಿಮೆ, ಪರಿಣಾಮ ದೊಡ್ಡದು. ಎಲ್ಲಕ್ಕಿಂತ ಮುಖ್ಯವಾದದ್ದು ದೆವ್ವಗಳಿಗೆ ಕೊಟ್ಟ ಚಂಚಲತೆ. ಪ್ರತಿ ಸುತ್ತಿನ ಮೊದಲ ಕೆಲವು ಸೆಕೆಂಡು ಕೆಂಪು ಮತ್ತು ಗುಲಾಬಿ ದೆವ್ವಗಳು ಮನಬಂದಂತೆ ಅಲೆಯುತ್ತವೆ. ಆಮೇಲಷ್ಟೇ ತಮ್ಮ ಹಳೆಯ ಸ್ವಭಾವಕ್ಕೆ ಮರಳುತ್ತವೆ. ಬಾಯಿಪಾಠ ಮಾಡಿದ ದಾರಿಗಳನ್ನು ನಿರುಪಯುಕ್ತಗೊಳಿಸಲು ಇಷ್ಟು ಸಾಕಾಯಿತು, ಏಕೆಂದರೆ ಶುರುವಿನಲ್ಲಿ ಒಂದು ಹೆಜ್ಜೆ ಬೇರೆಯಾದರೆ ಮುಂದಿನದೆಲ್ಲ ಬೇರೆಯಾಗುತ್ತದೆ. ಆಟದ ಬೇಟೆ ಹಾಗೇ ಉಳಿಯಿತು, ಕಂಠಪಾಠ ಮಾತ್ರ ಹೋಯಿತು. ಇದಕ್ಕಿಂತ ಮಿತವಾದ, ಇದಕ್ಕಿಂತ ನಿಖರವಾದ ತಿದ್ದುಪಡಿಯನ್ನು ಯೋಚಿಸುವುದು ಕಷ್ಟ. ಇಡೀ ಆಟದಲ್ಲಿ ದೆವ್ವಗಳನ್ನು ಗೊತ್ತುಗುರಿಯಿಲ್ಲದೆ ಓಡಾಡಿಸಿದ್ದರೆ ಅವುಗಳ ವ್ಯಕ್ತಿತ್ವವೇ ಅಳಿಸಿಹೋಗುತ್ತಿತ್ತು.

ಓಣಿಗಳ ಜಾಲ ಒಂದರ ಬದಲು ನಾಲ್ಕಾಯಿತು. ಮೊದಲನೆಯದು ಎರಡು ಸುತ್ತು, ಎರಡನೆಯದು ಮೂರು, ಮುಂದಿನವು ನಾಲ್ಕು ನಾಲ್ಕು ಸುತ್ತು ಬಂದು ಹೋಗುತ್ತವೆ. ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ನುಸುಳುವ ಸುರಂಗ ಮೂಲದಲ್ಲಿ ಒಂದೇ ಇತ್ತು. ಇಲ್ಲಿ ಮೂರು ಜಾಲಗಳಲ್ಲಿ ಎರಡೆರಡು ಸುರಂಗಗಳಿವೆ. ಮೂಲ ಆಟದಲ್ಲಿ ಹಣ್ಣು ಕಾಣಿಸಿಕೊಂಡ ಜಾಗದಲ್ಲೇ ನಿಂತಿರುತ್ತಿತ್ತು. ಇಲ್ಲಿ ಅದು ಸುರಂಗದಿಂದ ಪುಟಿಯುತ್ತಾ ಒಳಬಂದು, ಓಣಿಗಳಲ್ಲಿ ಸುತ್ತಾಡಿ ಹೊರಟುಹೋಗುತ್ತದೆ. 5,000 ಅಂಕದ ಬಾಳೆಹಣ್ಣು ದೆವ್ವಗಳ ನಡುವೆ ಸಾಗಿಹೋಗುತ್ತಿದ್ದರೆ ಅದರ ಬೆನ್ನು ಹತ್ತುವುದೋ ಬಿಡುವುದೋ ಎಂಬುದನ್ನು ಆಟಗಾರ ಆ ಗಳಿಗೆಯಲ್ಲೇ ನಿರ್ಧರಿಸಬೇಕು.

ಒಪ್ಪಂದದ ಪ್ರಕಾರ ಈಗ ಮೂಲ ತಯಾರಕರ ಒಪ್ಪಿಗೆ ಬೇಕಿತ್ತು. 1981ರ ಅಕ್ಟೋಬರಿನಲ್ಲಿ ಇವರು ಷಿಕಾಗೊದ ಮಿಡ್‌ವೇ ಬಾಗಿಲು ತಟ್ಟಿದರು. ಪ್ಯಾಕ್-ಮ್ಯಾನ್‌ನಿಂದ ಹಣ ಹರಿದುಬರುತ್ತಿದ್ದರೂ ಅದರ ಮುಂದಿನ ಆಟ ಜಪಾನಿನಿಂದ ಇನ್ನೂ ಬಂದಿರದ ಹೊತ್ತು ಅದು. ಮಿಡ್‌ವೇ ಆ ಕಿಟ್ಟನ್ನೇ ಕೊಂಡು ಪೂರ್ಣ ಪ್ರಮಾಣದ ಆಟವಾಗಿಸಲು ತೀರ್ಮಾನಿಸಿತು. ಕಾಲುಗಳು ಹೋದವು, ನಾಯಕ ಹೋಗಿ ತಲೆಗೆ ಕೆಂಪು ರಿಬ್ಬನ್ ಕಟ್ಟಿದ ನಾಯಕಿ ಬಂದಳು. ಸುತ್ತುಗಳ ನಡುವೆ ತೋರಿಸುವ ಕಿರುದೃಶ್ಯಗಳಲ್ಲಿ ಅವಳೂ ಪ್ಯಾಕ್-ಮ್ಯಾನೂ ಭೇಟಿಯಾಗುತ್ತಾರೆ, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುತ್ತಾರೆ, ಮೂರನೆಯ ದೃಶ್ಯದಲ್ಲಿ ಕೊಕ್ಕರೆಯೊಂದು ಮಗುವನ್ನು ತಂದುಕೊಡುತ್ತದೆ. ಮಗು ಬರುವ ಕಥೆಗೆ ಅವಿವಾಹಿತೆಯನ್ನು ಸೂಚಿಸುವ ‘ಮಿಸ್’ ಒಗ್ಗುವುದಿಲ್ಲವೆಂದು ಕೊನೆಗೆ ‘ಮಿಜ್’ ಎಂದಾಯಿತು. ಆಟ ಅಮೆರಿಕದ ಆರ್ಕೇಡ್ ಇತಿಹಾಸದಲ್ಲಿ ಅತಿ ಹೆಚ್ಚು ಮಾರಾಟವಾದವುಗಳ ಸಾಲಿಗೆ ಸೇರಿತು.

ದೆವ್ವಗಳ ಚಂಚಲತೆ ಮುಂದೆ ಇನ್ನೊಂದು ಕ್ಷೇತ್ರಕ್ಕೂ ಉಪಯೋಗಕ್ಕೆ ಬಂತು. ಮೂಲ ಪ್ಯಾಕ್-ಮ್ಯಾನ್ ಗೆಲ್ಲಲು ಕಂಪ್ಯೂಟರಿಗೆ ಬುದ್ಧಿ ಬೇಕಿಲ್ಲ, ದಾರಿಯ ಪಟ್ಟಿ ಇದ್ದರೆ ಸಾಕು. ಮಿಜ್ ಪ್ಯಾಕ್-ಮ್ಯಾನ್ ಹಾಗಲ್ಲ. ಹೀಗಾಗಿ ಕೃತಕ ಬುದ್ಧಿಮತ್ತೆಯ ಸಂಶೋಧಕರು ಇದನ್ನು ಒರೆಗಲ್ಲಾಗಿ ಬಳಸಿದರು. 2017ರಲ್ಲಿ ಮೈಕ್ರೊಸಾಫ್ಟ್ ಒಡೆತನದ ಮಲೂಬಾ ತಂಡದ ಪ್ರೋಗ್ರಾಂ ಈ ಆಟದ ಅಟಾರಿ 2600 ಆವೃತ್ತಿಯಲ್ಲಿ 9,99,990 ಅಂಕ ಗಳಿಸಿತು.

ಹಕ್ಕಿನ ಜಗಳ ಮಾತ್ರ ಈ ಆಟವನ್ನು ಬಿಡದೆ ಕಾಡಿತು. ಹೊರಗಿನವರು ಮಾಡಿದ್ದರಿಂದ ಅವರಿಗೆ ಗೌರವಧನ ಸಲ್ಲಬೇಕಿತ್ತು. ಆ ಹಕ್ಕು ಬೇರೊಂದು ಕಂಪನಿಯ ಪಾಲಾಗುವ ಹಂತದಲ್ಲಿ, 2019ರಲ್ಲಿ, ನಾಮ್ಕೊ ನ್ಯಾಯಾಲಯಕ್ಕೆ ಹೋಯಿತು. 2022ರಲ್ಲಿ ‘ಪ್ಯಾಕ್-ಲ್ಯಾಂಡ್’ ಎಂಬ ಹಳೆಯ ಆಟ ಮರುಬಿಡುಗಡೆಯಾದಾಗ ಅದರಲ್ಲಿದ್ದ ಈ ನಾಯಕಿಯನ್ನು ತೆಗೆದು ‘ಪ್ಯಾಕ್-ಮಾಮ್’ ಎಂಬ ಬೇರೆ ಪಾತ್ರವನ್ನು ಕೂರಿಸಲಾಯಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ಸ್ಟ್ರಾಂಗ್ ವಸ್ತುಸಂಗ್ರಹಾಲಯ ತನ್ನ ವಿಶ್ವ ವಿಡಿಯೊ ಗೇಮ್ ಗೌರವಪಟ್ಟಿಗೆ ಮಿಜ್ ಪ್ಯಾಕ್-ಮ್ಯಾನ್ ಅನ್ನು ಸೇರಿಸಿತು. ಎರಡೂ ಆಟಗಳು ಒಂದೇ ಕಡೆ ಸಿಕ್ಕರೆ ಓದುಗರು ಮೊದಲು ಇವತಾನಿ ಅವರದನ್ನೂ ಆಮೇಲೆ ಇದನ್ನೂ ಆಡಿ ನೋಡಬೇಕು. ವ್ಯತ್ಯಾಸ ಮೊದಲ ಸುತ್ತಿನಲ್ಲೇ ತಿಳಿಯುತ್ತದೆ.