ಕಲ್ಯಾಣದ ಬಾಗಿಲಲ್ಲಿ ನಿಂತವನ ಒಕ್ಕಲು

ಜೀರಹಳ್ಳಿ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ, ತಾಳವಾಡಿ ಬೆಟ್ಟಗಳ ಊರು. ಆದರೆ ಅಲ್ಲಿಯವರು ಈರೋಡಿಗೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರಕ್ಕೆ ಹೀಗೆ ಇಳಿಯುವ ಕೆಲಸವಿಲ್ಲ. 1956ರ ನವೆಂಬರ್ 1ರವರೆಗೆ ತಾಳವಾಡಿಯ ಈ ಬೆಟ್ಟಗಳೂ ಕೊಳ್ಳೇಗಾಲವೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ದೇವರ ಒಕ್ಕಲನ್ನು ಮಾತ್ರ ಯಾರೂ ಪಾಲು ಮಾಡಲಿಲ್ಲ. ಮಲೆಯ ಮಾದಪ್ಪನಿಗೂ ಚಿಕ್ಕಲ್ಲೂರಿನ ಸಿದ್ದಪ್ಪಾಜಿಗೂ ನಡೆದುಕೊಳ್ಳುವ ಕನ್ನಡದ ಮನೆಗಳು ಇಂದಿಗೂ ಗಡಿಯ ಎರಡೂ ಕಡೆ ಇವೆ.

ಮಾದಪ್ಪನನ್ನು ನಾಡೆಲ್ಲ ಬಲ್ಲದು. ಸಿದ್ದಪ್ಪಾಜಿಯನ್ನೂ ಅವನ ಗುರು ಮಂಟೇಸ್ವಾಮಿಯನ್ನೂ ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯಾಚೆಯವರು ಇನ್ನೂ ಅಷ್ಟಾಗಿ ಅರಿತಿಲ್ಲ. ಅರಿಯಬೇಕು. ಕನ್ನಡ ನಾಡಿನಲ್ಲಿ ಮಡಿವಂತಿಕೆಯ ವಿರುದ್ಧ ಸಿಡಿದು ಹೊರಬಂದ ಪಂಥಗಳು ಹಲವು. ಹಾಗೆ ಸಿಡಿದು ಬಂದವರ ನಡುವೆಯೇ ಮತ್ತೆ ಮಡಿ ಹುಟ್ಟಿದಾಗ ಅದನ್ನು ಬಾಗಿಲಲ್ಲೇ ನಿಂತು ಪ್ರಶ್ನಿಸಿದ ಪಂಥ ಮಂಟೇಸ್ವಾಮಿಯದು.

ಆ ಪ್ರಶ್ನೆ ಮಂಟೇಸ್ವಾಮಿ ಕಾವ್ಯದ ‘ಕಲ್ಯಾಣದ ಸಾಲು’ ಎಂಬ ಭಾಗದಲ್ಲಿದೆ. ಬಸವಣ್ಣನ ಕಲ್ಯಾಣದಲ್ಲಿ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ನಿತ್ಯ ದಾಸೋಹ. ಅಲ್ಲಿಗೆ ಮೈಯೆಲ್ಲ ಕುಷ್ಠದ ಗಾಯವಾದ ಮನುಷ್ಯನೊಬ್ಬ ಹೆಗಲ ಮೇಲೆ ಸತ್ತ ಕರು ಹೊತ್ತು, ಹೆಂಡದ ಗಡಿಗೆ ಹಿಡಿದು ಬರುತ್ತಾನೆ. ಜಂಗಮರು ಮೂಗು ಮುಚ್ಚಿ ಓಡುತ್ತಾರೆ, ಬಾಗಿಲು ಕಾಯುವವನು ಹೊಡೆದಟ್ಟುತ್ತಾನೆ. ಬಂದವನು ತಿಪ್ಪೆಯ ಮೇಲೆ ಬೀಳುತ್ತಾನೆ. ಅವನೇ ಮಂಟೇಸ್ವಾಮಿ, ಜಗತ್ತಿಗೆ ಬೆಳಕಾದ ಪರಂಜ್ಯೋತಿ ಎಂಬುದನ್ನು ಕಾಣುವವರು ಬಸವಣ್ಣ ಮತ್ತು ಅವನ ಹೆಂಡತಿ ನೀಲಮ್ಮ. ಅವರು ತಿಪ್ಪೆಗೇ ಹೋಗಿ ಅವನನ್ನು ಎತ್ತಿಕೊಳ್ಳುತ್ತಾರೆ. ಇದನ್ನು ಬಸವಣ್ಣನ ನಿಂದೆ ಎಂದು ಓದುವುದು ತಪ್ಪು. ಕಾವ್ಯಕ್ಕೆ ಬಸವಣ್ಣನ ಮೇಲೆ ಅಪಾರ ಪ್ರೀತಿ. ಅದರ ಸಿಟ್ಟೆಲ್ಲ ಸಮಾನತೆಯ ಊಟಕ್ಕೆ ಕೂತು, ಪಂಕ್ತಿಗೆ ಬಂದ ಕೊನೆಯವನನ್ನು ಕಂಡು ಎದ್ದುಹೋದವರ ಮೇಲೆ.

ಬಸವಣ್ಣ 12ನೇ ಶತಮಾನದವನು. ಮಂಟೇಸ್ವಾಮಿ ಇದ್ದದ್ದು 15-16ನೇ ಶತಮಾನದ ಹೊತ್ತಿಗೆ ಎಂಬುದು ಹಲವು ವಿದ್ವಾಂಸರ ಎಣಿಕೆ. ಹಾಗಾದರೆ ಈ ಭೇಟಿ ನಡೆದೇ ಇಲ್ಲವಲ್ಲ ಎನ್ನಬಹುದು. ನನಗೆ ಕಾವ್ಯದ ಜೀವ ಇರುವುದೇ ಇಲ್ಲಿ ಅನ್ನಿಸುತ್ತದೆ. ಶರಣರ ಮಾತು ದಕ್ಷಿಣದ ಹಳ್ಳಿಗಳಿಗೆ ತಲುಪುವ ಹೊತ್ತಿಗೆ ಹೊಲಗೇರಿಯವರಿಗೆ ಅದರಲ್ಲಿ ಎಷ್ಟು ಸಿಕ್ಕಿತು, ಎಷ್ಟು ಸಿಕ್ಕಲಿಲ್ಲ ಎಂಬ ಲೆಕ್ಕವನ್ನು ಅವರೇ ಕೂತು ಹಾಡಿದ್ದಾರೆ.

ಕಲ್ಯಾಣ ಬಿಟ್ಟು ಮಂಟೇಸ್ವಾಮಿ ದಕ್ಷಿಣಕ್ಕೆ ಬರುತ್ತಾನೆ. ನಿಡುಘಟ್ಟದ ಆಚಾರಿಗಳ ಮನೆಯ ಮುದ್ದಮ್ಮನ ಮಗ ಕೆಂಪಾಚಾರಿಯನ್ನು ಶಿಷ್ಯನಾಗಿ ಬೇಡುತ್ತಾನೆ. ಹೆತ್ತವರು ಕೊಡಲೊಲ್ಲರು, ಗುರು ಬಿಡಲೊಲ್ಲ. ಕೊನೆಗೆ ಗುರುವಿನ ಪಾಲಾದ ಆ ಹುಡುಗನೇ ಸಿದ್ದಪ್ಪಾಜಿ. ಗುರು ಅವನಿಗೆ ಕೊಡುವ ಕೆಲಸ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ತರುವುದು. ಕುಲುಮೆಯ ಮನೆಯಲ್ಲಿ ಹುಟ್ಟಿದವನು ತನ್ನದೇ ಕುಲದವರ ಕುಲುಮೆಯ ಮುಂದೆ ಜೋಳಿಗೆ ಹಿಡಿದು ನಿಲ್ಲಬೇಕು. ಅವರು ಇಲ್ಲವೆನ್ನುತ್ತಾರೆ, ವಿಷವಿಕ್ಕುತ್ತಾರೆ, ಕಾದ ಕಬ್ಬಿಣ ಒಡ್ಡುತ್ತಾರೆ. ಅವನು ಎಲ್ಲವನ್ನೂ ಗೆದ್ದು ಭಿಕ್ಷೆ ತರುತ್ತಾನೆ. ರಾತ್ರಿ ಕಥೆಗೆ ಕೂತವರು ಬೆಳಗಿನವರೆಗೂ ಅಲುಗಾಡದೆ ಕೇಳುವ ಭಾಗ ಇದು.

ಹಾಡುವವರು ನೀಲಗಾರರು. ಮಾದಪ್ಪನ ಕಥೆಗೆ ದೇವರಗುಡ್ಡರು ಮತ್ತು ಕಂಸಾಳೆ ಇದ್ದಂತೆ, ಇಲ್ಲಿ ನೀಲಗಾರರು ಮತ್ತು ತಂಬೂರಿ. ಮುಂದಾಳು ತಂಬೂರಿ ಮೀಟುತ್ತ, ಗಗ್ಗರ ಕುಲುಕುತ್ತ ಕಥೆ ನಡೆಸುತ್ತಾನೆ; ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ನೀಲಗಾರನಾಗಲು ದೀಕ್ಷೆ ಬೇಕು, ಹಣೆಗೆ ಧೂಳ್ತ ಎಂಬ ಕಪ್ಪು ಭಸ್ಮ ಬೇಕು. ಹೆಚ್ಚಿನ ನೀಲಗಾರರು ದಲಿತರು. ಒಕ್ಕಲಿನಲ್ಲಿ ಮಾತ್ರ ಒಕ್ಕಲಿಗರು, ಕುರುಬರು, ಉಪ್ಪಾರರು ಹೀಗೆ ಎಲ್ಲರೂ ಇದ್ದಾರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ, ಕಾವೇರಿ ದಂಡೆಯ ಕಪ್ಪಡಿಯಲ್ಲಿ ಮತ್ತೊಬ್ಬ ಶಿಷ್ಯ ರಾಚಪ್ಪಾಜಿಯ ಗದ್ದುಗೆ, ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯದು. ಮಠದ ಪೀಠ ಅರಸು ಮನೆತನದವರದು, ಕಾವ್ಯ ನೀಲಗಾರರ ನಾಲಗೆಯದು. ವಿದ್ವಾಂಸರು ಬರೆದುಕೊಳ್ಳುವ ಮೊದಲು ಈ ಕಥೆಗೆ ಬೇರೆ ಗ್ರಂಥ ಇರಲಿಲ್ಲ. ಜೀ.ಶಂ. ಪರಮಶಿವಯ್ಯ, ಹಿ.ಚಿ. ಬೋರಲಿಂಗಯ್ಯ ಮೊದಲಾದವರು ಕಲಾವಿದರ ಬಾಯಿಂದ ಕೇಳಿ ಅಚ್ಚಿಗೆ ತಂದರು. ಎಚ್.ಎಸ್. ಶಿವಪ್ರಕಾಶರು ‘ಮಂಟೇಸ್ವಾಮಿ ಕಥಾಪ್ರಸಂಗ’ವೆಂದು ನಾಟಕವಾಗಿಸಿದರು. ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಈ ಕಥೆ ಕ್ಯಾಸೆಟ್ಟಾಗಿ ಮನೆಮನೆಗೆ ಹೋಯಿತು.

ಪಂಥವನ್ನು ಕಣ್ಣಾರೆ ಕಾಣಬೇಕಾದರೆ ಚಿಕ್ಕಲ್ಲೂರಿನ ಜಾತ್ರೆಗೆ ಹೋಗಬೇಕು. ಪುಷ್ಯದ ಹುಣ್ಣಿಮೆಯಿಂದ ಐದು ದಿನ ನಡೆಯುತ್ತದೆ. ಮೊದಲ ರಾತ್ರಿ ಚಂದ್ರಮಂಡಲ. ಬಿದಿರು ಕಟ್ಟಿ, ಬಟ್ಟೆ ಸುತ್ತಿ ನಿಲ್ಲಿಸಿದ ಎತ್ತರದ ಆಕೃತಿಗೆ ಬೆಂಕಿ ಮುಟ್ಟಿಸುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ಹೆಚ್ಚು ಉರಿಯುತ್ತದೋ ಆ ದಿಕ್ಕಿಗೆ ಮಳೆ, ಬೆಳೆ ಎಂಬ ನಂಬಿಕೆ. ಯಾವ ಸೀಮೆಯಿಂದ ಬಂದವರಾದರೂ ಉರಿ ತಮ್ಮ ಊರಿನ ಕಡೆ ವಾಲಲಿ ಎಂದೇ ಕಾಯುತ್ತಾರೆ. ಆಮೇಲೆ ದೊಡ್ಡವರ ಸೇವೆ, ಮುಡಿಸೇವೆ. ನಾಲ್ಕನೆಯ ದಿನ ಪಂಕ್ತಿಸೇವೆ. ಕೊನೆಗೆ ಮುತ್ತತ್ತಿರಾಯನ ಸೇವೆ.

ವರ್ಷವರ್ಷವೂ ಜಗಳವೇಳುವುದು ಈ ಪಂಕ್ತಿಸೇವೆಯ ಮೇಲೆ. ಬಿಡಾರ ಹಾಕಿದ ಕುಟುಂಬಗಳು ಅಲ್ಲೇ ಮಾಂಸದ ಅಡುಗೆ ಮಾಡಿ, ಸಿದ್ದಪ್ಪಾಜಿಗೆ ಎಡೆಯಿಟ್ಟು, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವುದು ವಾಡಿಕೆ. ಪ್ರಾಣಿಬಲಿ ತಡೆಯುವ 1959ರ ಕಾಯ್ದೆಯನ್ನು ಮುಂದಿಟ್ಟು ಜಿಲ್ಲಾಡಳಿತ ಕೋಳಿ, ಕುರಿಗಳನ್ನು ದಾರಿಯಲ್ಲೇ ತಡೆದದ್ದುಂಟು. ಇದು ಬಲಿಯಲ್ಲ, ಗದ್ದುಗೆಯ ಮುಂದೆ ರಕ್ತ ಹರಿಸುವುದಿಲ್ಲ, ನಾವು ಉಣ್ಣುವುದನ್ನೇ ಎಡೆಯಿಡುತ್ತೇವೆ ಎನ್ನುವುದು ಒಕ್ಕಲಿನವರ ಮಾತು. ಅವರ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ನಂಬಿಕೆ. ಸತ್ತ ಕರು ಹೊತ್ತು ಬಂದವನನ್ನು ಗುರುವೆಂದು ಒಪ್ಪಿಕೊಂಡ ಜನಕ್ಕೆ, ನಿಮ್ಮ ಊಟ ಗುರುವಿನ ಅಂಗಳಕ್ಕೆ ಸಲ್ಲದು ಎಂದು ಹೇಳುವುದೆಂದರೆ ಕಲ್ಯಾಣದ ಸಾಲಿನಲ್ಲಿ ಮೂಗು ಮುಚ್ಚಿ ಓಡಿದವರ ಪಕ್ಕ ಸೇರಿಕೊಂಡಂತೆ.

ಜಾತ್ರೆಗೆ ಹೋಗುವವರು ಚಂದ್ರಮಂಡಲವನ್ನಷ್ಟೇ ನೋಡಿ ಹಿಂದಿರುಗುವುದುಂಟು. ನಾಲ್ಕನೆಯ ದಿನದವರೆಗೂ ಉಳಿಯಿರಿ. ಬಿಡಾರದವರು ಕರೆದರೆ ಪಂಕ್ತಿಯಲ್ಲಿ ಕೂತು ಉಣ್ಣಿ.