ಕವಚ ಕಳಚಿದ ಕುಜ

ಮಂಗಳಗ್ರಹಕ್ಕೆ ನಮ್ಮ ಹಿರಿಯರು ಇಟ್ಟ ಹೆಸರುಗಳಲ್ಲಿ ‘ಕುಜ’ ಎಂಬುದೂ ಒಂದು. ‘ಕು’ ಎಂದರೆ ಭೂಮಿ. ಕುಜನೆಂದರೆ ಭೂಮಿಯಲ್ಲಿ ಹುಟ್ಟಿದವನು. ಖಗೋಳಶಾಸ್ತ್ರ ಈ ಹುಟ್ಟನ್ನು ಒಪ್ಪದಿದ್ದರೂ ನಂಟನ್ನು ಅಲ್ಲಗಳೆಯುವುದಿಲ್ಲ. ಎರಡೂ ಶಿಲಾಮಯ ಗ್ರಹಗಳು; ಎರಡರ ಮೇಲೂ ಒಂದು ಕಾಲಕ್ಕೆ ನೀರು ಹರಿದದ್ದುಂಟು. ಇಂದು ಮಂಗಳನಲ್ಲಿ ನದಿಗಳ ಪಾತ್ರವಿದೆ, ನದಿಗಳಿಲ್ಲ. ನೀರು ನೀರಾಗಿಯೇ ನಿಲ್ಲಲು ಗಾಳಿಯ ಒತ್ತಡ ಬೇಕು. ಅಲ್ಲಿಯ ಒತ್ತಡವೋ ನಮ್ಮದರ ನೂರರಲ್ಲೊಂದು ಪಾಲೂ ಇಲ್ಲ. ಹಾಗಾದರೆ ಆ ಗಾಳಿ ಎಲ್ಲಿಗೆ ಹೋಯಿತು? ಉತ್ತರದ ಬಹುಭಾಗ ದೊರೆತದ್ದು ನೆಲವನ್ನು ಅಗೆದಲ್ಲ, ಆ ಗ್ರಹದ ಆಕಾಶದ ಅಂಚನ್ನು ಶೋಧಿಸಿ.

ಆ ಅಂಚಿನಲ್ಲಿ ಅಯಾನುಗೋಳವಿದೆ. ಸೂರ್ಯನ ಅತಿನೇರಳೆ ಕಿರಣಗಳು ತೆಳುಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತವೆ. ಹಾಗೆ ಎಲೆಕ್ಟ್ರಾನನ್ನು ಕಳೆದುಕೊಂಡ ಕಣವೇ ಅಯಾನು. ಇಂಥ ವಿದ್ಯುತ್ಕಣಗಳ ಕೂಟವೇ ಪ್ಲಾಸ್ಮಾ. ದೂರದೇಶದ ಬಾನುಲಿ ಶಾರ್ಟ್‌ವೇವ್‌ನಲ್ಲಿ ನಮಗೆ ಕೇಳಿಸುವುದು ಭೂಮಿಯ ಅಯಾನುಗೋಳವು ಅಲೆಗಳನ್ನು ಕೆಳಕ್ಕೆ ಬಾಗಿಸುವುದರಿಂದ.

ಮಂಗಳನ ಅಯಾನುಗೋಳ ಗೊತ್ತಾದದ್ದೂ ರೇಡಿಯೋ ಅಲೆಗಳಿಂದಲೇ. 1965ರ ಜುಲೈ ತಿಂಗಳಲ್ಲಿ ಅಮೆರಿಕದ ಮ್ಯಾರಿನರ್-4 ನೌಕೆ ಗ್ರಹದ ಹಿಂದೆ ಮರೆಯಾಗುವಾಗ ಅದರ ಅಲೆಗಳು ಅಲ್ಲಿಯ ಗಾಳಿಯನ್ನು ಹಾದು ಬಂದವು. ಅವುಗಳಲ್ಲಿ ಆದ ವ್ಯತ್ಯಾಸವನ್ನು ಅಳೆದ ವಿಜ್ಞಾನಿಗಳು, ನೆಲದಿಂದ ಸುಮಾರು 120 ಕಿಲೋಮೀಟರ್ ಎತ್ತರದಲ್ಲಿ ಎಲೆಕ್ಟ್ರಾನುಗಳ ಪದರವೊಂದು ಉಂಟೆಂದು ಕಂಡುಕೊಂಡರು. 1976ರಲ್ಲಿ ವೈಕಿಂಗ್ ನೌಕೆಗಳು ಕೆಳಗಿಳಿಯುತ್ತ ಆ ಪದರವನ್ನೇ ಹಾದುಹೋದವು. ಮಂಗಳನ ಗಾಳಿ ಬಹುಪಾಲು ಇಂಗಾಲದ ಡೈಆಕ್ಸೈಡ್; ಆದರೆ ಅಲ್ಲಿ ಹೆಚ್ಚಾಗಿ ಕಂಡದ್ದು ಆಮ್ಲಜನಕದ ಜೋಡಿ ಪರಮಾಣುಗಳ ಅಯಾನು. ಇದು ಎಲೆಕ್ಟ್ರಾನನ್ನು ಮರಳಿ ಹಿಡಿದಾಗ ಒಡೆದು ಎರಡಾಗುತ್ತದೆ. ಸಿಡಿದ ರಭಸಕ್ಕೆ ಕೆಲವು ಪರಮಾಣುಗಳು ಮಂಗಳನ ದುರ್ಬಲ ಆಕರ್ಷಣೆಯನ್ನು ಮೀರಿ ಹಾರಿಹೋಗುತ್ತವೆ.

ಇದು ಗಾಳಿ ಸೋರುವ ಒಂದು ದಾರಿ, ಇನ್ನೊಂದು ಸೌರಮಾರುತ. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಹೊಮ್ಮುವ ಈ ಪ್ಲಾಸ್ಮಾ ಪ್ರವಾಹವನ್ನು ಭೂಮಿಯ ಕಾಂತಕ್ಷೇತ್ರ ದೂರದಲ್ಲೇ ಬದಿಗೆ ಸರಿಸುತ್ತದೆ. 1997ರಲ್ಲಿ ಮಂಗಳನನ್ನು ಸೇರಿದ ಮಾರ್ಸ್ ಗ್ಲೋಬಲ್ ಸರ್ವೇಯರ್, ಅಲ್ಲಿ ಅಂಥ ಗ್ರಹವ್ಯಾಪಿ ಕ್ಷೇತ್ರವಿಲ್ಲವೆಂದು ತೋರಿಸಿತು. ಆದರೆ ದಕ್ಷಿಣದ ಪುರಾತನ ಶಿಲೆಗಳಲ್ಲಿ ಕಾಂತತೆ ಉಳಿದಿತ್ತು. ಬೂದಿಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಹಿಂದೆ ಕ್ಷೇತ್ರವಿತ್ತೆಂದು ಇದರಿಂದ ತಿಳಿಯಿತು. ಕರ್ಣನು ಕವಚವನ್ನು ದಾನವಾಗಿ ಕೊಟ್ಟನು. ಕುಜನ ಕವಚವೋ ಒಡಲಿನ ಕಾವು ತಗ್ಗಿ, ಕರಗಿದ ಲೋಹದ ಮಂಥನ ನಿಂತು, ಸುಮಾರು 400 ಕೋಟಿ ವರ್ಷಗಳ ಹಿಂದೆ ತಾನಾಗಿ ಕಳಚಿತು.

ಈ ನಷ್ಟವನ್ನು ಅಳೆಯಲೆಂದೇ 2014ರ ಸೆಪ್ಟೆಂಬರಿನಲ್ಲಿ ಮೇವನ್ ನೌಕೆ ಅಲ್ಲಿಗೆ ತಲುಪಿತು. ಸೌರಮಾರುತ ಸೆಕೆಂಡಿಗೆ ಸುಮಾರು 100 ಗ್ರಾಂ ಗಾಳಿಯನ್ನು ಒಯ್ಯುತ್ತದೆಂದು ಅದು ಅಳೆಯಿತು. ಅಲ್ಪವೆನಿಸಬಹುದು, ದಿನಕ್ಕೆ ಎಂಟೂವರೆ ಟನ್ ಆಯಿತು. 2015ರ ಮಾರ್ಚ್ ತಿಂಗಳಲ್ಲಿ ಸೌರಬಿರುಗಾಳಿ ಬಡಿದಾಗ ನಷ್ಟ ಹಲವು ಪಟ್ಟು ಏರಿತು. ಎಳೆಯ ಸೂರ್ಯ ಇದಕ್ಕಿಂತಲೂ ಉಗ್ರನಾಗಿದ್ದನು. ಯಾವುದರೊಡನೆಯೂ ಕೂಡದ ಆರ್ಗಾನ್ ಅನಿಲ ಶಿಲೆಗಳಲ್ಲಿ ಅಡಗಲಾರದು. ಅದರಲ್ಲಿ ನೂರಕ್ಕೆ ಸುಮಾರು 65 ಪಾಲು ಬಾಹ್ಯಾಕಾಶಕ್ಕೆ ಹೋಗಿದೆಯೆಂಬ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಮೇವನ್ ತಲುಪಿದ ಎರಡು ಮೂರು ದಿನಗಳಲ್ಲೇ, ಸೆಪ್ಟೆಂಬರ್ 24ರಂದು, ಬೆಂಗಳೂರಿನ ನಿಯಂತ್ರಣ ಕೇಂದ್ರದ ಆಜ್ಞೆಯಂತೆ ನಡೆದ ನಮ್ಮ ಮಂಗಳಯಾನವೂ ಕಕ್ಷೆ ಸೇರಿತು. 2022ರವರೆಗೆ ಬಾಳಿದ ಆ ನೌಕೆಯ ಮೆಂಕಾ ಉಪಕರಣ, ಮೇಲಂಚಿನ ಆರ್ಗಾನ್ ಪರಮಾಣುಗಳಲ್ಲಿ ನಿರೀಕ್ಷೆಗಿಂತ ಹೆಚ್ಚು ಶಕ್ತಿಯುಳ್ಳವು ಉಂಟೆಂದು ತೋರಿಸಿತು.

ಹಾಗೆಂದು ಎಲ್ಲಕ್ಕೂ ಕವಚವೊಂದೇ ಕಾರಣವೆನ್ನುವಂತಿಲ್ಲ. ಶುಕ್ರನಿಗೂ ಕಾಂತಕ್ಷೇತ್ರವಿಲ್ಲ, ಆದರೂ ಅವನ ಗಾಳಿಯ ಒತ್ತಡ ನಮ್ಮದರ ತೊಂಬತ್ತು ಪಟ್ಟು. ಶುಕ್ರನ ಮೈಭಾರ ಭೂಮಿಗೆ ಸಮೀಪದ್ದು. ಮಂಗಳನದು ಭೂಮಿಯ ಹತ್ತನೆಯ ಒಂದು ಪಾಲು. ಹಗುರವಾದ ಮೈ ಬೇಗ ತಣಿಯಿತು; ತಣಿದ ಮೈ ಕವಚವನ್ನು ಕಳೆಯಿತು; ಹಗುರವಾದ ಕೈ ಗಾಳಿಯನ್ನು ಹಿಡಿದಿಡಲಾರದೆ ಹೋಯಿತು. ನಾವಾದರೋ ಕಾಲಡಿಯ ಸಾವಿರಾರು ಕಿಲೋಮೀಟರ್ ಆಳದಲ್ಲಿ ಇನ್ನೂ ಆರದ ಕಾವಿನ ಮೇಲೆ ಕುಳಿತು, ಅದರ ನೆನಪೂ ಇಲ್ಲದೆ ಉಸಿರಾಡುತ್ತಿದ್ದೇವೆ.